ಮೆಚ್ಚಿನ ಸೈಫೈ, ಫ್ಯಾಂಟಸಿ ಲೇಖಕರನ್ನು ಭೇಟಿಯಾಗೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಓದುಗರು ಸೇರುವ ಕಡೆಯೆಲ್ಲ ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಗಳು ಅಮೆರಿಕದಲ್ಲಿದ್ದಾಳೆ, ಅವಳ ಊರಿಗೆ ಇಂಥ ಲೇಖಕರು ಬರ್ತಿದ್ದಾರಂತೆ, ಹೋದ್ರೆ ಮಾತಾಡ್ತಾರಾ ಅಂತ ಒಬ್ಬರು ಕೇಳುತ್ತಾರೆ. ಇನ್ನೊಬ್ಬರಿಗೆ ಪತ್ರ ಬರೆಯುವ ಆಸೆ. ಕೆಲವರಿಗೆ ಹಳೇ ಕಥೆಗಳು ಬೇಕು, ಯಾರು ಯಾರನ್ನು ಎಲ್ಲಿ ಭೇಟಿಯಾದರು ಅಂತ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬೇರೆ ಲೇಖಕರಿಗಿಂತ ಸೈಫೈ ಲೇಖಕರು ಸುಲಭವಾಗಿ ಸಿಗ್ತಾರೆ ಅಂತಾರಲ್ಲ, ನಿಜಾನಾ?

ಬಹಳ ಮಟ್ಟಿಗೆ ನಿಜ. ಸೈಫೈ ಅಂದರೆ ಸೈನ್ಸ್ ಫಿಕ್ಷನ್, ವಿಜ್ಞಾನದ ಕಲ್ಪನೆಯ ಕಥೆಗಳು. ಈ ಸಾಹಿತ್ಯ ಬೆಳೆದು ಬಂದ ರೀತಿಯೇ ಹಾಗಿದೆ. ಇಲ್ಲಿ ಲೇಖಕರಲ್ಲಿ ಬಹಳ ಜನ ಮೊದಲು ಅಭಿಮಾನಿಗಳ ಗುಂಪಿನಲ್ಲೇ ಇದ್ದವರು.

1939ರ ಜುಲೈ 2ರಿಂದ 4ರವರೆಗೆ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆಯಿತು. ಬಂದಿದ್ದವರು ಹೆಚ್ಚು ಕಮ್ಮಿ 200 ಜನ. ಅವರಲ್ಲಿ ರೇ ಬ್ರ್ಯಾಡ್‌ಬರಿ ಅನ್ನೋ 18 ವರ್ಷದ ಹುಡುಗನೂ ಇದ್ದ, ಮುಂದೆ ದೊಡ್ಡ ಲೇಖಕನಾದವನು. ಕೈಯಲ್ಲಿ ಕಾಸಿರಲಿಲ್ಲ. ಗೆಳೆಯ ಫಾರೆಸ್ಟ್ ಆಕರ್‌ಮನ್ ಹತ್ತಿರ ಸಾಲ ಮಾಡಿ ಲಾಸ್ ಏಂಜಲೀಸಿನಿಂದ ಬಸ್ಸು ಹತ್ತಿದ್ದ. ಆ ಆಕರ್‌ಮನ್ ಭವಿಷ್ಯದ ಮನುಷ್ಯನ ವೇಷ ಹಾಕಿಕೊಂಡೇ ಸಮ್ಮೇಳನಕ್ಕೆ ಬಂದಿದ್ದ. ಮುಂದೆ ಸೈಫೈನ ದೊಡ್ಡ ಹೆಸರಾದ ಐಸಾಕ್ ಅಸಿಮೋವ್ ಕೂಡ ಅಲ್ಲೇ ಇದ್ದ. ಅವನಿಗೆ 19. ಮೊದಲ ಕಥೆ ಅಚ್ಚಾಗಿ ಕೆಲವೇ ತಿಂಗಳಾಗಿತ್ತು.

ಜಗಳವೂ ಆಯಿತು. ಫ್ರೆಡರಿಕ್ ಪೋಲ್, ಡೊನಾಲ್ಡ್ ವೋಲ್‌ಹೈಮ್ ಮೊದಲಾದ ಕೆಲವರನ್ನು ಸಂಘಟಕರು ಬಾಗಿಲಲ್ಲೇ ತಡೆದರು. ಅಭಿಮಾನಿ ಗುಂಪುಗಳ ನಡುವಿನ ಹಳೇ ದ್ವೇಷ, ಮೇಲೆ ಒಂದಷ್ಟು ರಾಜಕೀಯ. ಅಸಿಮೋವ್ ಕೂಡ ಅದೇ ಗುಂಪಿನವನು, ಆದರೆ ಅವನನ್ನು ಒಳಗೆ ಬಿಟ್ಟರು. ಹೊರಗುಳಿದವರೇನು ಕಮ್ಮಿ ಆಗಲಿಲ್ಲ. ಪೋಲ್ ದೊಡ್ಡ ಲೇಖಕ, ಸಂಪಾದಕ ಆದರು. ವೋಲ್‌ಹೈಮ್ ಮುಂದೆ ಸ್ವಂತ ಪ್ರಕಾಶನವನ್ನೇ ಶುರು ಮಾಡಿದರು.

ಆಮೇಲೂ ಇದೇ ಕಥೆ. ಇಂಗ್ಲೆಂಡಿನ ಫ್ಯಾಂಟಸಿ ಲೇಖಕ ಟೆರ್ರಿ ಪ್ರಾಚೆಟ್ ಹದಿಹರೆಯದಲ್ಲೇ ಸಮ್ಮೇಳನಗಳಿಗೆ ಹೋಗುತ್ತಿದ್ದರು. 1965ರಲ್ಲಿ ಲಂಡನ್ನಿನ ವಿಶ್ವ ಸಮ್ಮೇಳನಕ್ಕೆ ಹೋದಾಗ ಅವರಿಗೆ 17. ಗೇಮ್ ಆಫ್ ಥ್ರೋನ್ಸ್ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್ ಹುಡುಗನಾಗಿದ್ದಾಗ ಬರೆದ ಅಭಿಮಾನದ ಪತ್ರ 1963ರಲ್ಲಿ ಒಂದು ಕಾಮಿಕ್ಸಿನ ಓದುಗರ ಪುಟದಲ್ಲಿ ಬಂದಿತ್ತು. ಸಾಲಿನಲ್ಲಿ ನಿಂತು ಸಹಿ ಕೇಳುವುದು ಹೇಗಿರುತ್ತೆ ಅಂತ ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಹೋಗಿ ಮಾತಾಡಿಸಿದರೆ ಅವರಿಗೆ ಅದು ಹೊಸದಲ್ಲ, ಕಿರಿಕಿರಿಯೂ ಅಲ್ಲ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ಭಯ ಹೋಗುತ್ತೆ.

ವರ್ಲ್ಡ್‌ಕಾನ್ ಅಂದ್ರೆ ಅದೇ ಸಮ್ಮೇಳನಾನಾ? ಯಾರು ಬೇಕಾದ್ರೂ ಹೋಗಬಹುದಾ?

ಅದೇ, ಮೇಲೆ ಹೇಳಿದ ವಿಶ್ವ ಸಮ್ಮೇಳನ. ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಪ್ರತಿವರ್ಷ ನಡೆಯುತ್ತಿದೆ. ಊರು ಬದಲಾಗುತ್ತಿರುತ್ತದೆ. 2007ರಲ್ಲಿ ಯೊಕೊಹಾಮಾ, 2023ರಲ್ಲಿ ಚೀನಾದ ಚೆಂಗ್ಡು, 2024ರಲ್ಲಿ ಗ್ಲಾಸ್ಗೋ, 2025ರಲ್ಲಿ ಸಿಯಾಟಲ್. 2026ರ ಸರದಿ ಲಾಸ್ ಏಂಜಲೀಸ್ ಪಕ್ಕದ ಅನಾಹೈಮಿನದು. ಮುಂದೆ ಯಾವ ಊರು ಅಂತ ಸದಸ್ಯರೇ ಎರಡು ವರ್ಷ ಮುಂಚೆ ಮತ ಹಾಕಿ ಆರಿಸುತ್ತಾರೆ.

ಗಮನಿಸಿ, ಸದಸ್ಯರು ಅಂದೆ. ಇಲ್ಲಿ ಟಿಕೆಟ್ ಅನ್ನುವ ಲೆಕ್ಕಕ್ಕಿಂತ ಸದಸ್ಯತ್ವ ಅನ್ನುವುದೇ ರೂಢಿ. ದುಡ್ಡು ಕಟ್ಟಿದವರೆಲ್ಲ ಸದಸ್ಯರು. ಲೇಖಕರೂ ಸದಸ್ಯರು, ನೀವೂ ಸದಸ್ಯರು. ಗೌರವ ಅತಿಥಿಗಳನ್ನು ಬಿಟ್ಟರೆ ಹೆಚ್ಚಿನ ಲೇಖಕರು ಸ್ವಂತ ಖರ್ಚಿನಲ್ಲೇ ಬರುತ್ತಾರೆ. ನಡೆಸುವವರೂ ಸಂಬಳ ಇಲ್ಲದ ಸ್ವಯಂಸೇವಕರು. ಸೈಫೈ, ಫ್ಯಾಂಟಸಿಗೆ 1953ರಿಂದ ಕೊಡುತ್ತಿರುವ ಹ್ಯೂಗೋ ಪ್ರಶಸ್ತಿಗೆ ಮತ ಹಾಕುವುದೂ ಈ ಸದಸ್ಯರೇ. ಮನೆಯಲ್ಲಿ ಕೂತು ಮತ ಮಾತ್ರ ಹಾಕುವ ಕಡಿಮೆ ಬೆಲೆಯ ಸದಸ್ಯತ್ವವೂ ಇದೆ.

ಹೋಗಿ ಬರುವುದಾದರೆ ಖರ್ಚು ಜಾಸ್ತಿ. ಸದಸ್ಯತ್ವಕ್ಕೇ ನೂರಾರು ಡಾಲರ್ ಆಗುತ್ತದೆ, ತಡ ಮಾಡಿದಷ್ಟೂ ಏರುತ್ತದೆ. ಭಾರತದಿಂದ ಹೋಗುವವರು ವೀಸಾ ಕೆಲಸವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಬೇಕು.

ಅಷ್ಟು ಜನರ ನಡುವೆ ಲೇಖಕರ ಜೊತೆ ಕೂತು ಮಾತಾಡೋಕೆ ಆಗುತ್ತಾ?

ಆಗುತ್ತದೆ. ಅದಕ್ಕೇ ಕಾಫಿಕ್ಲಾಚ್ ಅನ್ನೋ ಏರ್ಪಾಡಿದೆ. ಒಂದು ಮೇಜು, ಒಬ್ಬ ಲೇಖಕ, ಸುತ್ತ ಹತ್ತು ಜನ ಆಸುಪಾಸು, ಒಂದು ಗಂಟೆ ಹತ್ತಿರ ಮಾತು. ಭಾಷಣ ಇಲ್ಲ, ಮೈಕ್ ಇಲ್ಲ. ಈಚೆಗೆ ಕೆಲವು ಕಡೆ ಇದನ್ನೇ ಟೇಬಲ್ ಟಾಕ್ ಅಂತ ಕರೆಯುತ್ತಾರೆ. ಹೆಸರು ಮೊದಲೇ ಬರೆಸಬೇಕು, ಎಲ್ಲಿ ಯಾವಾಗ ಅನ್ನುವುದು ಕಾರ್ಯಕ್ರಮದ ಪಟ್ಟಿಯಲ್ಲಿರುತ್ತದೆ. ಭಾರೀ ಹೆಸರಿನವರ ಮೇಜು ನಿಮಿಷಗಳಲ್ಲಿ ತುಂಬುತ್ತೆ.

ನನ್ನ ಸಲಹೆ ಕೇಳಿದರೆ, ಎಲ್ಲರೂ ಮುಗಿಬೀಳುವ ಲೇಖಕರನ್ನು ಬಿಡಿ. ಒಂದೋ ಎರಡೋ ಪುಸ್ತಕ ಬರೆದು ನಿಮಗೆ ತುಂಬ ಹಿಡಿಸಿದವರು ಯಾರಾದರೂ ಬಂದಿರುತ್ತಾರೆ, ಅವರ ಮೇಜು ಹಿಡಿಯಿರಿ. ಅಲ್ಲಿ ನಾಲ್ಕೇ ಜನ ಇದ್ದರೂ ಇರಬಹುದು. ಅವರ ಪುಸ್ತಕವನ್ನು ಕರ್ನಾಟಕದಲ್ಲಿ ಒಬ್ಬರು ಓದಿದ್ದಾರೆ ಅಂದರೆ ಅವರಿಗೇ ಆಶ್ಚರ್ಯ. ಮಾತು ತಾನಾಗಿ ಶುರುವಾಗುತ್ತೆ.

ಇನ್ನೊಂದು ಜಾಗ ವರ್ಲ್ಡ್ ಫ್ಯಾಂಟಸಿ ಕನ್ವೆನ್ಷನ್. 1975ರಲ್ಲಿ ಅಮೆರಿಕದ ಪ್ರಾವಿಡೆನ್ಸಿನಲ್ಲಿ ಶುರುವಾಯಿತು. ಚಿಕ್ಕದು, ಬರುವವರಲ್ಲಿ ಬಹುಪಾಲು ಲೇಖಕರು, ಸಂಪಾದಕರು, ಏಜೆಂಟರು. ಒಂದು ಸಂಜೆ ಲೇಖಕರೆಲ್ಲ ಒಂದೇ ಹಾಲಿನಲ್ಲಿ ಸಾಲಾಗಿ ಕೂತು ಸಹಿ ಹಾಕುತ್ತಾರೆ. ಯಾವ ಮೇಜಿಗೆ ಬೇಕಾದರೂ ಹೋಗಿ.

ಆಟೋಗ್ರಾಫ್‌ಗೆ ದುಡ್ಡು ಕೊಡಬೇಕಾ?

ಲೇಖಕರಿಗೆ ಸಾಮಾನ್ಯವಾಗಿ ಬೇಡ. ಕಾಮಿಕ್ ಕಾನ್ ಥರದ ದೊಡ್ಡ ಮೇಳಗಳಲ್ಲಿ ಸಿನಿಮಾ, ಟಿವಿ ನಟರು ಸಹಿಗೂ ಫೋಟೋಗೂ ದರ ಹಾಕಿರುತ್ತಾರೆ. ಅದನ್ನು ನೋಡಿ ಲೇಖಕರೂ ಹಾಗೇ ಅಂದುಕೊಳ್ಳುತ್ತಾರೆ ಜನ. ಪುಸ್ತಕದ ಅಂಗಡಿಯಲ್ಲಿ ಕಾರ್ಯಕ್ರಮ ಇದ್ದರೆ ಹೊಸ ಪುಸ್ತಕ ಅಲ್ಲೇ ಕೊಳ್ಳಬೇಕು ಅನ್ನುವ ಷರತ್ತು ಇರಬಹುದು, ಅದು ನ್ಯಾಯವೇ.

ದುಡ್ಡಿನ ಬದಲು ರಕ್ತ ಕೇಳಿದ ಲೇಖಕರೊಬ್ಬರಿದ್ದರು. ತಮಾಷೆ ಅಲ್ಲ. ರಾಬರ್ಟ್ ಹೈನ್‌ಲೈನ್ 1970ರಲ್ಲಿ ಸಾಯುವಷ್ಟು ಕಾಯಿಲೆ ಬಿದ್ದಿದ್ದರು. ಅವರದು ಅಪರೂಪದ ರಕ್ತದ ಗುಂಪು. ಯಾರೋ ದಾನ ಮಾಡಿದ ರಕ್ತದಿಂದ ಜೀವ ಉಳಿಯಿತು. 1976ರಲ್ಲಿ ಕಾನ್ಸಸ್ ಸಿಟಿ ವರ್ಲ್ಡ್‌ಕಾನಿಗೆ ಗೌರವ ಅತಿಥಿಯಾಗಿ ಬಂದಾಗ ಅಲ್ಲೇ ರಕ್ತದಾನದ ಶಿಬಿರ ಮಾಡಿಸಿದರು. ಸಹಿ ಬೇಕಾದರೆ ರಕ್ತ ಕೊಡಿ ಅನ್ನುವುದು ಲೆಕ್ಕ. ಆಮೇಲೆ ಅವರು ಹೋದ ಕಡೆಯೆಲ್ಲ ಇದು ಮುಂದುವರಿಯಿತು. ಸೈಫೈ ಸಮ್ಮೇಳನಗಳಲ್ಲಿ ಇವತ್ತಿಗೂ ಅವರ ಹೆಸರಿನಲ್ಲಿ ರಕ್ತದಾನ ನಡೆಯುತ್ತದೆ.

ಸಮ್ಮೇಳನಕ್ಕೆಲ್ಲ ಹೋಗೋಕಾಗಲ್ಲ, ಆದ್ರೆ ಅಮೆರಿಕದಲ್ಲೋ ಇಂಗ್ಲೆಂಡಲ್ಲೋ ಇದ್ದೀನಿ. ಏನು ದಾರಿ?

ನಿಮಗೆ ದಾರಿ ಎಲ್ಲಕ್ಕಿಂತ ಸುಲಭ. ಹೊಸ ಪುಸ್ತಕ ಬಂದಾಗ ಲೇಖಕರು ಊರೂರು ಸುತ್ತುತ್ತಾರೆ. ಇಂಟೆಲ್ ಕೆಲಸದಲ್ಲಿ ಪೋರ್ಟ್‌ಲ್ಯಾಂಡ್ ಕಡೆ ಇರುವ ಕನ್ನಡಿಗರು ತುಂಬ ಜನ ಇದ್ದಾರೆ, ಅವರಿಗೆ ಬೀವರ್ಟನ್ನಿನಲ್ಲೇ ಪೊವೆಲ್ಸ್ ಪುಸ್ತಕದಂಗಡಿಯ ಶಾಖೆ ಇದೆ. ಸೈಫೈ ಲೇಖಕರ ಕಾರ್ಯಕ್ರಮಗಳು ಅಲ್ಲಿ ಆಗಾಗ ನಡೆಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾರ್ಡರ್‌ಲ್ಯಾಂಡ್ಸ್, ಸ್ಯಾನ್ ಡಿಯೇಗೋದಲ್ಲಿ ಮಿಸ್ಟೀರಿಯಸ್ ಗ್ಯಾಲಕ್ಸಿ, ಲಂಡನ್ನಿನಲ್ಲಿ ಫರ್ಬಿಡನ್ ಪ್ಲಾನೆಟ್. ಇವೆಲ್ಲ ಈ ಸಾಹಿತ್ಯಕ್ಕೇ ಹೆಸರಾದ ಅಂಗಡಿಗಳು. ಅವರ ಇಮೇಲ್ ಪಟ್ಟಿಗೆ ಸೇರಿಕೊಂಡುಬಿಡಿ.

ಫರ್ಬಿಡನ್ ಪ್ಲಾನೆಟ್ ಅಂದಾಗ ನೆನಪಾಯಿತು. 1979ರಲ್ಲಿ ಡಗ್ಲಸ್ ಆಡಮ್ಸ್ ತಮ್ಮ ಮೊದಲ ಕಾದಂಬರಿಗೆ ಸಹಿ ಹಾಕಲು ಅಲ್ಲಿಗೆ ಹೊರಟಿದ್ದರು. ಬೀದಿ ತುಂಬ ಜನ. ಏನೋ ಪ್ರತಿಭಟನೆ ನಡೀತಿದೆ ಅಂದುಕೊಂಡರಂತೆ. ಆ ಜನ ಕಾಯುತ್ತಿದ್ದದ್ದು ಅವರಿಗೇ.

ಕರ್ನಾಟಕದಲ್ಲೇ ಇದ್ದೀನಿ. ಇಲ್ಲಿ ಯಾರಾದ್ರೂ ಸಿಗ್ತಾರಾ?

ಸಿಗುತ್ತಾರೆ. ಬೆಂಗಳೂರು ಸಾಹಿತ್ಯ ಉತ್ಸವ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತದೆ. ಜನವರಿಯ ಜೈಪುರ ಉತ್ಸವ ಇನ್ನೂ ದೊಡ್ಡದು. ಎರಡೂ ಕಡೆ ಮಾತು ಮುಗಿದ ಮೇಲೆ ಲೇಖಕರು ಪುಸ್ತಕದ ಮಳಿಗೆ ಹತ್ತಿರ ಬಂದು ಸಹಿ ಹಾಕುತ್ತಾರೆ. ವೈಟ್‌ಫೀಲ್ಡಿನ ಕಾಮಿಕ್ ಕಾನಿನಲ್ಲಿ ಚಿತ್ರಕಾರರು, ಕಾಮಿಕ್ಸ್ ಬರೆಯುವವರು ತಮ್ಮ ತಮ್ಮ ಮೇಜಿನಲ್ಲೇ ಕೂತಿರುತ್ತಾರೆ.

ಬೆಂಗಳೂರಿನಲ್ಲೇ ಸೈಫೈ ಬರೆಯುವವರು ಇದ್ದಾರೆ ಅನ್ನುವುದು ನಮ್ಮವರಿಗೇ ಗೊತ್ತಿರಲ್ಲ. ಲಾವಣ್ಯ ಲಕ್ಷ್ಮೀನಾರಾಯಣ್ ಅವರ ಇಂಗ್ಲಿಷ್ ಕಾದಂಬರಿಯಲ್ಲಿ ಬೆಂಗಳೂರು ಅಪೆಕ್ಸ್ ಸಿಟಿ ಆಗಿಬಿಟ್ಟಿದೆ, ಕೆಲಸದ ಲೆಕ್ಕ ನೋಡಿ ಜನರನ್ನು ಮೇಲೆ ಕೆಳಗೆ ಹಾಕುವ ಊರು. ಅದು ಬ್ರಿಟನ್ನಿನ ಸೈಫೈ ಪ್ರಶಸ್ತಿಯಾದ 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಕೊನೇ ಪಟ್ಟಿಗೂ ಹೋಗಿತ್ತು. ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂತು ಓದಿದರೆ ಕಲ್ಪನೆ ಎಷ್ಟು, ವರದಿ ಎಷ್ಟು ಅಂತ ಅನುಮಾನ ಬರುತ್ತೆ!

ಸಾಲಿನಲ್ಲಿ ನಿಂತಾಗ ಎಷ್ಟು ಪುಸ್ತಕ ಕೊಡಬಹುದು?

ಅಂಗಡಿ ಅಥವಾ ಸಮ್ಮೇಳನದವರು ಮೊದಲೇ ಹೇಳಿರುತ್ತಾರೆ. ಮೂರು ಅನ್ನುವುದು ಸಾಮಾನ್ಯ. ಜಾಸ್ತಿ ಇದ್ದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಿ. ಬ್ಯಾಗಿನ ತುಂಬ ತಂದು ಮೇಜಿನ ಮೇಲೆ ಸುರಿದರೆ ಲೇಖಕರು ಏನೂ ಅನ್ನದಿರಬಹುದು, ಹಿಂದಿನವರು ಅಂತಾರೆ.

ಹೆಸರು ಬರೆಸಬೇಕಾದರೆ ಚೀಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದು, ಸಹಿ ಬೇಕಾದ ಪುಟಕ್ಕೆ ಅಂಟಿಸಿಡಿ. ಚಿಕ್ಕೇಗೌಡ, ಗುರುಶಾಂತಪ್ಪ ಅಂತ ಬಾಯಲ್ಲಿ ಹೇಳಿ ಬರೆಸುವಷ್ಟರಲ್ಲಿ ನಿಮಗೆ ಸಿಕ್ಕ ಸಮಯ ಮುಗಿದಿರುತ್ತದೆ. ಮನೆಯಲ್ಲಿ ಕರೆಯುವ ಚಿಕ್ಕ ಹೆಸರಿದ್ದರೆ ಅದನ್ನೇ ಕೊಡಿ, ಚೆನ್ನಾಗಿರುತ್ತೆ.

ಟೆರ್ರಿ ಪ್ರಾಚೆಟ್ ಗಂಟೆಗಟ್ಟಲೆ ಕೂತು ಸಹಿ ಹಾಕುತ್ತಿದ್ದರು. ಅವರ ಸಹಿ ಇಲ್ಲದ ಪುಸ್ತಕಕ್ಕೇ ಬೆಲೆ ಜಾಸ್ತಿ, ಅದು ಸಿಗೋದು ಅಪರೂಪ ಅಂತ ಅಭಿಮಾನಿಗಳೇ ತಮಾಷೆ ಮಾಡುತ್ತಿದ್ದರು.

ಹಳೇ ಪುಸ್ತಕ ಆದ್ರೆ ಪರವಾಗಿಲ್ವಾ? ಫುಟ್‌ಪಾತಲ್ಲಿ ಕೊಂಡಿದ್ದು?

ಇವೆರಡು ಬೇರೆ ಬೇರೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲೋ ಬುಕ್‌ವರ್ಮ್‌ನಲ್ಲೋ ಕೊಂಡ ಸೆಕೆಂಡ್‌ಹ್ಯಾಂಡ್ ಪುಸ್ತಕ ಧಾರಾಳವಾಗಿ ಕೊಡಿ. ಪುಟ ಹಳದಿಯಾಗಿದ್ದರೂ, ಯಾರದೋ ಹೆಸರು ಒಳಗಿದ್ದರೂ ಪರವಾಗಿಲ್ಲ. ಓದಿ ಓದಿ ಮಡಿಸಿಹೋದ ಪುಸ್ತಕ ನೋಡಿ ಬೇಜಾರು ಮಾಡಿಕೊಳ್ಳುವ ಲೇಖಕರು ಕಮ್ಮಿ.

ಸಿಗ್ನಲ್ ಹತ್ತಿರ ಪ್ಲಾಸ್ಟಿಕ್ ಸುತ್ತಿ ಮಾರುವ ನಕಲಿ ಪ್ರತಿ ಮಾತ್ರ ಬೇಡ. ಮಸುಕು ಅಚ್ಚು, ಸೊಟ್ಟ ಅಂಚು ನೋಡಿದ ತಕ್ಷಣ ಅವರಿಗೆ ಗೊತ್ತಾಗುತ್ತದೆ. ಅದರಿಂದ ಅವರಿಗೆ ಒಂದು ಪೈಸೆ ಬಂದಿರಲ್ಲ. ಸಹಿ ಹಾಕಿಯೂ ಹಾಕಬಹುದು, ಆದರೆ ಮುಖ ನೋಡಿದರೆ ನಿಮಗೇ ನಾಚಿಕೆಯಾಗುತ್ತೆ.

ನಾನು ಕಿಂಡಲಲ್ಲೇ ಓದೋದು.

ಒಂದು ನೋಟ್‌ಬುಕ್ ಒಯ್ಯಿರಿ. ಕೆಲವರು ಕಿಂಡಲ್ಲಿನ ಕವರ್ ಮೇಲೇ ಹಾಕಿಸಿಕೊಳ್ಳುತ್ತಾರೆ. ಕೆಲವು ಲೇಖಕರು ಸಹಿ ಹಾಕಿದ ಸ್ಟಿಕ್ಕರನ್ನು ಅಂಚೆಯಲ್ಲಿ ಕಳಿಸುವುದೂ ಉಂಟು.

ಏನು ಕೇಳಬೇಕು? ಎದುರು ನಿಂತ್ರೆ ಬಾಯೇ ಬರಲ್ಲ.

ಮೊದಲು ಏನು ಕೇಳಬಾರದು ಅಂತ ಹೇಳಿಬಿಡುತ್ತೇನೆ.

"ನಿಮಗೆ ಐಡಿಯಾ ಎಲ್ಲಿಂದ ಬರುತ್ತೆ?" ಈ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕಾಗಿದೆ. ಅಮೆರಿಕದ ಲೇಖಕ ಹಾರ್ಲನ್ ಎಲಿಸನ್ ಅಂತೂ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಅನ್ನೋ ಊರಿನಿಂದ ತರಿಸುತ್ತೇನೆ ಅಂತ ಗಂಭೀರವಾಗಿ ಹೇಳುತ್ತಿದ್ದರು. ಅದನ್ನು ನಂಬಿ ವಿಳಾಸ ಕೇಳಿದವರೂ ಇದ್ದರಂತೆ.

"ಮುಂದಿನ ಪುಸ್ತಕ ಯಾವಾಗ?" ಅನ್ನುವುದು ಎರಡನೆಯದು. ಮಾರ್ಟಿನ್ ಅವರ ದೊಡ್ಡ ಸರಣಿಯ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಅಂದಿನಿಂದ ಅವರು ಹೋದಲ್ಲೆಲ್ಲ ಇದೇ ಪ್ರಶ್ನೆ. 2025ರ ಸಿಯಾಟಲ್ ಸಮ್ಮೇಳನದಲ್ಲಿ ಇದು ಅತಿಗೆ ಹೋಯಿತು. ನೀವು ಇನ್ನು ಜಾಸ್ತಿ ಕಾಲ ಇರಲ್ಲ, ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಥರದವರು ಸರಣಿ ಮುಗಿಸಿಕೊಟ್ಟರೆ ಹೇಗೆ ಅಂತ ಅವರ ಎದುರಿಗೇ ಒಬ್ಬರು ಕೇಳಿದರು. ಸಭೆಯಲ್ಲಿದ್ದವರೇ ಛೀಮಾರಿ ಹಾಕಿದರು. ನಮ್ಮಲ್ಲಿ ವಯಸ್ಸಾದವರ ಮುಂದೆ ಇಂಥ ಮಾತು ಆಡಿದರೆ ಮನೆಯಲ್ಲಿ ಏನಾಗುತ್ತೆ ಅಂತ ಯೋಚಿಸಿ. ಅಲ್ಲೂ ಅಷ್ಟೇ.

ಕಥೆಯ ಗುಟ್ಟು ಕೇಳುವುದು ತಪ್ಪಲ್ಲ, ಉತ್ತರ ಸಿಗದಿರಬಹುದು ಅಷ್ಟೇ. ಫ್ಯಾಂಟಸಿ ಲೇಖಕ ರಾಬರ್ಟ್ ಜೋರ್ಡಾನ್ ಇಂಥ ಪ್ರಶ್ನೆಗೆಲ್ಲ "ಓದಿ, ಗೊತ್ತಾಗುತ್ತೆ" ಅಂದುಬಿಡುತ್ತಿದ್ದರು. 2007ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಸರಣಿ ಮುಗಿಸಿದ ಸ್ಯಾಂಡರ್ಸನ್ ಆ ಉತ್ತರವನ್ನೂ ಮುಂದುವರಿಸಿದರು. ಉತ್ತರ ಹೇಳದಿದ್ದಾಗ ಅದನ್ನೇ ಅಚ್ಚು ಹಾಕಿಸಿದ ಒಂದು ಕಾರ್ಡ್ ಕೊಡುತ್ತಾರೆ. ಈಗ ಜನ ಆ ಕಾರ್ಡಿಗೋಸ್ಕರವೇ ಗುಟ್ಟಿನ ಪ್ರಶ್ನೆ ಕೇಳುತ್ತಾರೆ. ಅವರ ಅಭಿಮಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಸಹಿ ಸಾಲಿನಲ್ಲಿ ಅವರು ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿ, ಬರೆದು, ಎಲ್ಲರಿಗೂ ಹುಡುಕಲು ಸಿಗುವ ಹಾಗೆ ಜೋಡಿಸಿಟ್ಟಿದ್ದಾರೆ.

ಇನ್ನು ಏನು ಕೇಳಬೇಕು ಅನ್ನುವುದಕ್ಕೆ ಬರೋಣ. ನಿಮಗೆ ಸಿಗುವುದು ಅರ್ಧ ನಿಮಿಷ, ಹೆಚ್ಚೆಂದರೆ ಒಂದು. ನೀವು ಓದಿದ ಒಂದು ಜಾಗ ಹಿಡಿಯಿರಿ. ಇಂಥ ಪಾತ್ರ ಆ ಊರು ಬಿಟ್ಟು ಹೋದದ್ದು ಯಾಕೆ ಅಂತ ನಮ್ಮನೇಲಿ ಜಗಳ ಆಗಿತ್ತು, ಅಮ್ಮ ಹೀಗಂದರು, ನಾನು ಹಾಗಂದೆ. ಇಷ್ಟು ಹೇಳಿದರೆ ಸಾಕು. "ನೀವು ನನ್ನ ಮೆಚ್ಚಿನ ಲೇಖಕರು" ಅನ್ನುವುದನ್ನು ಅವರು ಆ ದಿನ ನೂರು ಸಲ ಕೇಳಿರುತ್ತಾರೆ. ನಿಮ್ಮನೆ ಜಗಳದ ಸುದ್ದಿ ಮಾತ್ರ ಅವರಿಗೆ ಹೊಸದು.

ಏನಂತ ಕರೀಬೇಕು? ಸರ್ ಅನ್ನಲಾ? ಕಾಲಿಗೆ ನಮಸ್ಕಾರ ಮಾಡಿದ್ರೆ ತಪ್ಪಾ?

ಕನ್ನಡದ ಲೇಖಕರಿಗೆ ಸರ್, ಮೇಡಂ ಸಾಕು. ಅಮೆರಿಕ, ಇಂಗ್ಲೆಂಡಿನ ಸೈಫೈ ಸಮ್ಮೇಳನಗಳಲ್ಲಿ ಎಲ್ಲರೂ ಮೊದಲ ಹೆಸರಿನಲ್ಲೇ ಕರೆಯುತ್ತಾರೆ, ಎಂಬತ್ತು ವರ್ಷದವರನ್ನೂ. ನಿಮಗೆ ಬಾಯಿ ಬರದಿದ್ದರೆ ಹೆಸರು ಬಿಟ್ಟು ನೇರ ಮಾತಿಗೆ ಹೋಗಿ. ಕಾಲಿಗೆ ಬೀಳುವುದು ಬೇಡ, ಏನೋ ಬಿದ್ದುಹೋಯಿತೇನೋ ಅಂತ ಅವರೂ ಬಗ್ಗುತ್ತಾರೆ. ಕೈ ಕುಲುಕುವುದಕ್ಕೂ ಈಗ ಕೆಲವರು ಒಪ್ಪಲ್ಲ, ದಿನಕ್ಕೆ ನೂರಾರು ಕೈ ಹಿಡಿದರೆ ಕಾಯಿಲೆ ಬರದೇ ಇರುತ್ತಾ? ಕೈ ಮುಗಿದರೆ ಯಾರಿಗೂ ತೊಂದರೆ ಇಲ್ಲ. ಸೆಲ್ಫಿ ಬೇಕಾದರೆ ಕೇಳಿ ತೆಗೆಯಿರಿ.

ಉಡುಗೊರೆ ಕೊಡಬಹುದಾ?

ಚಿಕ್ಕದು, ಹಗುರದ್ದು, ಕೆಡದೇ ಇರುವಂಥದ್ದು. ಅವರು ಮುಂದಿನ ಊರಿಗೆ ವಿಮಾನದಲ್ಲಿ ಹೋಗಬೇಕು. ಮನೆಯಲ್ಲಿ ಮಾಡಿದ ತಿಂಡಿ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಅಪರಿಚಿತರು ಕೊಟ್ಟದ್ದನ್ನು ಅವರು ತಿನ್ನುವುದು ಅನುಮಾನ. ಚನ್ನಪಟ್ಟಣದ ಒಂದು ಪುಟ್ಟ ಗೊಂಬೆ ಆಗಬಹುದು.

ಕೊಟ್ಟ ಮೇಲೆ ಅವರು ಅದನ್ನು ಏನು ಮಾಡುತ್ತಾರೋ ಅನ್ನುವ ಚಿಂತೆ ಬಿಡಿ. ಒಬ್ಬ ಅಭಿಮಾನಿ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರಿಗೆ ಉಕ್ಕಿನ ಲೋಟ ಕಳಿಸಿದ್ದರು. ಅದರ ಮೇಲೆ ಅವರದೇ ಕಥೆಯಲ್ಲಿ ಉಂಗುರದ ಮೇಲಿರುವ ಆ ಭಯಂಕರ ಸಾಲುಗಳ ಕೆತ್ತನೆ. ಕೇಡಿನ ಮಾತು ಕೆತ್ತಿದ ಲೋಟದಲ್ಲಿ ಕುಡಿಯುವುದುಂಟಾ? ಟೋಲ್ಕಿನ್ ಅದನ್ನು ತಂಬಾಕಿನ ಬೂದಿ ಉದುರಿಸಲು ಇಟ್ಟುಕೊಂಡರು.

ಪತ್ರ ಬರೆದ್ರೆ ಉತ್ತರ ಬರುತ್ತಾ?

ಬರಬಹುದು. ಈ ವಿಷಯದಲ್ಲಿ ಹಳಬರು ದೊಡ್ಡ ಕೈ. ಅಸಿಮೋವ್ ಅವರಿಗೆ ಜೀವನದಲ್ಲಿ ಸುಮಾರು 1,00,000 ಪತ್ರ ಬಂದಿದ್ದವು, 90,000ಕ್ಕೆ ಉತ್ತರ ಬರೆದರು ಅಂತ ಅವರ ತಮ್ಮನ ಅಂದಾಜು. ಹೆಚ್ಚಿನವು ಪೋಸ್ಟ್‌ಕಾರ್ಡಿನಲ್ಲಿ. ಹೈನ್‌ಲೈನ್ ಬೇರೆ ಉಪಾಯ ಮಾಡಿದರು. ಸಾಮಾನ್ಯವಾಗಿ ಕೊಡಬೇಕಾಗುವ ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ನಿಮಗೆ ಯಾವುದು ಅನ್ವಯವೋ ಅದಕ್ಕೆ ಗುರುತು ಹಾಕಿ ಕಳಿಸುತ್ತಿದ್ದರು. ಸರ್ಕಾರಿ ಕಚೇರಿಯ ಅರ್ಜಿ ಥರ ಕಾಣುತ್ತದೆ, ಆದರೆ ಉತ್ತರವಂತೂ ಬರುತ್ತಿತ್ತು!

ನನಗೆ ತುಂಬ ಇಷ್ಟವಾದದ್ದು 1956ರ ಒಂದು ಪತ್ರ. ಲಂಡನ್ನಿನಿಂದ ಒಬ್ಬರು ಟೋಲ್ಕಿನ್ ಅವರಿಗೆ ಬರೆದರು. ಅವರ ನಿಜವಾದ ಹೆಸರೇ ಸ್ಯಾಮ್ ಗ್ಯಾಮ್‌ಜಿ. ರೇಡಿಯೋದಲ್ಲಿ ಬರುತ್ತಿರುವ ಕಥೆಯಲ್ಲಿ ನನ್ನ ಹೆಸರಿನ ಪಾತ್ರ ಇದೆಯಂತೆ, ಈ ಹೆಸರು ನಿಮಗೆ ಸಿಕ್ಕಿದ್ದೆಲ್ಲಿ ಅನ್ನುವುದು ಪ್ರಶ್ನೆ. ಟೋಲ್ಕಿನ್ ಉದ್ದದ ಉತ್ತರ ಬರೆದರು, ಮೂರೂ ಸಂಪುಟಗಳನ್ನು ಸಹಿ ಹಾಕಿ ಕಳಿಸಿಕೊಟ್ಟರು.

ನಮ್ಮ ಕಡೆ ಜಯಂತ ನಾರ್ಳೀಕರ್ ಅವರದು ಇನ್ನೂ ಚಂದ. ಖಗೋಳ ವಿಜ್ಞಾನಿ, ಮರಾಠಿಯಲ್ಲಿ ಸೈಫೈ ಬರೆದವರು. 1974ರಲ್ಲಿ ಒಂದು ಕಥಾಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ಬೇರೆ ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಗೆದ್ದಿದ್ದರು. ಮಕ್ಕಳು ಆಟೋಗ್ರಾಫ್ ಕೇಳಿದರೆ ಕೊಡುತ್ತಿರಲಿಲ್ಲ. ಒಂದು ಪೋಸ್ಟ್‌ಕಾರ್ಡಿನಲ್ಲಿ ವಿಜ್ಞಾನದ ಪ್ರಶ್ನೆ ಬರೆದು ಕಳಿಸಿ, ಉತ್ತರದ ಕೆಳಗೆ ಸಹಿ ಇರುತ್ತೆ ಅನ್ನುತ್ತಿದ್ದರು. ಹಾಗೆ ಬಂದ ಪ್ರಶ್ನೆಗಳಿಗೆ ಬರೆದೂ ಬರೆದರು. 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡರು.

ಈಗಿನವರಿಗೆ ಪತ್ರವನ್ನು ಪ್ರಕಾಶಕರ ಅಥವಾ ಏಜೆಂಟರ ವಿಳಾಸಕ್ಕೆ ಕಳಿಸಿ. ಉತ್ತರಕ್ಕೆಂದು ಭಾರತದ ಸ್ಟಾಂಪ್ ಹಚ್ಚಿದ ಕವರ್ ಇಡಬೇಡಿ, ಅಮೆರಿಕದ ಅಂಚೆಯಲ್ಲಿ ಅದು ನಡೆಯಲ್ಲ. ಒಂದು ಪುಟ ಸಾಕು. ಉತ್ತರ ಬೇಕು ಅಂತ ಹಟ ಬೇಡ.

ಮನೆ ಎಲ್ಲಿ ಅಂತ ಗೊತ್ತಿದೆ. ಹೋಗಿ ನೋಡಬಹುದಾ?

ಕರೆಯದೆ ಹೋಗಬೇಡಿ. ಟೋಲ್ಕಿನ್ ಅವರಿಗೆ ಅಮೆರಿಕದ ಅಭಿಮಾನಿಗಳು ಅಲ್ಲಿನ ಸಂಜೆ ಫೋನ್ ಮಾಡುತ್ತಿದ್ದರು, ಆಕ್ಸ್‌ಫರ್ಡಿನಲ್ಲಿ ಆಗ ನಡುರಾತ್ರಿ. ಮನೆ ಬಾಗಿಲಿಗೂ ಜನ. ಕೊನೆಗೆ ಅವರು 1968ರಲ್ಲಿ ಬೋರ್ನ್‌ಮತ್ ಊರಿಗೆ ಹೋಗಿ, ಫೋನ್ ನಂಬರು ಡೈರೆಕ್ಟರಿಯಲ್ಲಿ ಬಾರದ ಹಾಗೆ ನೋಡಿಕೊಂಡರು.

ನಮ್ಮಲ್ಲಿ ಇಂಥ ಮಾತು ಬಂದಾಗ ಎಲ್ಲರೂ ಎತ್ತುವ ಹೆಸರು ತೇಜಸ್ವಿ. ಕರ್ವಾಲೊ ಸೈಫೈ ಹೌದೋ ಅಲ್ಲವೋ ಅನ್ನೋದು ಬೇರೆ ಜಗಳ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಡುವ ವಿಜ್ಞಾನಿಯ ಕಥೆಗೆ ನಾನಂತೂ ಈ ಪಟ್ಟಿಯಲ್ಲಿ ಜಾಗ ಕೊಡುತ್ತೇನೆ. ಸಭೆ, ಸನ್ಮಾನ ಅಂದರೆ ದೂರ ಇರುತ್ತಿದ್ದ ಅವರನ್ನು ಹುಡುಕಿಕೊಂಡು ಓದುಗರು ಮೂಡಿಗೆರೆಯ ನಿರುತ್ತರ ಮನೆಗೇ ಹೋಗುತ್ತಿದ್ದರು. ಬೈಸಿಕೊಂಡು ಬಂದವರು, ಕಾಫಿ ಕುಡಿದು ಬಂದವರು ಇಬ್ಬರೂ ಅದನ್ನು ಅಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಮಲೆನಾಡಿನ ತೋಟದ ಮನೆಯ ಪದ್ಧತಿಯನ್ನು ಬೇರೆ ದೇಶಕ್ಕೆ ಒಯ್ಯಬೇಡಿ. ಅಲ್ಲಿ ಪೊಲೀಸರನ್ನು ಕರೆದರೂ ಕರೆದರು.

ನಾನೂ ಕಥೆ ಬರೀತೀನಿ. ಓದೋಕೆ ಕೊಡಲಾ?

ಬೇಡ. ಹೆಚ್ಚಿನವರು ಮುಟ್ಟುವುದೂ ಇಲ್ಲ. ನಾಳೆ ಅವರ ಪುಸ್ತಕದಲ್ಲಿ ಅಂಥದೇ ಸನ್ನಿವೇಶ ಬಂದರೆ ಕದ್ದರು ಅನ್ನುವ ಮಾತು ಬರುತ್ತೆ, ಕೋರ್ಟಿಗೂ ಹೋಗಬಹುದು. ಲೇಖಕರಿಂದ ಕಲಿಯಬೇಕು ಅಂದರೆ ಕ್ಲಾರಿಯನ್ ಥರದ ಕಮ್ಮಟಗಳಿವೆ. 1968ರಲ್ಲಿ ಶುರುವಾದದ್ದು, ಆರು ವಾರ, ಪ್ರಸಿದ್ಧ ಲೇಖಕರೇ ಪಾಠ ಮಾಡುತ್ತಾರೆ. ಸೈಫೈ ಲೇಖಕಿ ಆಕ್ಟೇವಿಯಾ ಬಟ್ಲರ್ 1970ರಲ್ಲಿ ಅಲ್ಲಿ ಕಲಿತವರು. ಖರ್ಚಿಲ್ಲದ ದಾರಿ ಬೇಕಾದರೆ ಸ್ಯಾಂಡರ್ಸನ್ ವಿಶ್ವವಿದ್ಯಾಲಯದಲ್ಲಿ ಮಾಡುವ ಪಾಠಗಳು ಯೂಟ್ಯೂಬಿನಲ್ಲೇ ಇವೆ.

ಕಥೆಯಲ್ಲಿ ನನ್ನ ಹೆಸರು ಹಾಕಿಸಬಹುದಾ?

ಕೆಲವು ಸಲ, ಹರಾಜಿನಲ್ಲೋ ದೇಣಿಗೆ ಸೇರಿಸುವಾಗಲೋ. 2014ರಲ್ಲಿ ತೋಳಗಳ ಆಶ್ರಯಧಾಮ ಒಂದಕ್ಕೆ ದುಡ್ಡು ಸೇರಿಸಲು ಮಾರ್ಟಿನ್ ಇಂಥದ್ದು ಮಾಡಿದ್ದರು. 20,000 ಡಾಲರ್ ಕೊಟ್ಟ ಇಬ್ಬರಿಗೆ ಅವರ ಹೆಸರಿನ ಪಾತ್ರ, ಆ ಪಾತ್ರಕ್ಕೆ ಘೋರ ಸಾವು. ಜನ ಖುಷಿಯಿಂದ ಕೊಟ್ಟರು.

ಹೆಣ್ಣುಮಗಳು, ಒಬ್ಬಳೇ ಹೋಗ್ತಿದ್ದೀನಿ. ಭಯ ಇಲ್ವಾ?

ನೇರವಾಗಿ ಹೇಳುತ್ತೇನೆ. ಹಳೇ ಕಾಲದ ಸಮ್ಮೇಳನಗಳ ಕಥೆಗಳೆಲ್ಲ ಸಿಹಿಯಲ್ಲ. ಪತ್ರಗಳಿಗೆ ಅಷ್ಟು ಚೆನ್ನಾಗಿ ಉತ್ತರ ಬರೆಯುತ್ತಿದ್ದ ಅಸಿಮೋವ್, ಎದುರು ಸಿಕ್ಕ ಹೆಂಗಸರ ಮೈ ಮುಟ್ಟುವುದರಲ್ಲೂ ಕುಖ್ಯಾತರು. ಆಗ ಅದನ್ನು ತಮಾಷೆ ಅಂತ ನಕ್ಕು ಬಿಡುತ್ತಿದ್ದರು, ಆ ವಿಷಯದ ಮೇಲೆ ಭಾಷಣ ಮಾಡಿ ಅಂತ ಸಂಘಟಕರೇ ಅವರಿಗೆ ಪತ್ರ ಬರೆದದ್ದೂ ಇದೆ. 2006ರಲ್ಲಿ ಹ್ಯೂಗೋ ವೇದಿಕೆಯ ಮೇಲೆ, ಎಲ್ಲರ ಕಣ್ಣೆದುರು, ಎಲಿಸನ್ ಲೇಖಕಿ ಕಾನಿ ವಿಲಿಸ್ ಅವರ ಜೊತೆ ಹಾಗೇ ನಡೆದುಕೊಂಡರು. ಆ ಸಲ ಅದನ್ನು ನಕ್ಕು ಬಿಡಲಿಲ್ಲ, ದೊಡ್ಡ ಗಲಾಟೆಯಾಯಿತು.

ಈಗ ಹೆಸರಾದ ಸಮ್ಮೇಳನಗಳೆಲ್ಲ ನಡವಳಿಕೆಯ ನಿಯಮಗಳನ್ನು ಬರೆದು ಮುಂಚೆಯೇ ಪ್ರಕಟಿಸುತ್ತವೆ. ದೂರು ಕೇಳುವುದಕ್ಕೆಂದೇ ಜನ ಇರುತ್ತಾರೆ. ಲೇಖಕರನ್ನೂ ಹೊರಗೆ ಕಳಿಸಿದ ಉದಾಹರಣೆಗಳಿವೆ. ಹೋಗುವ ಮೊದಲು ಆ ಪುಟ ಓದಿ, ದೂರು ಕೊಡುವ ನಂಬರು ಫೋನಿನಲ್ಲಿ ಇಟ್ಟುಕೊಳ್ಳಿ. ಅಂಥ ಪುಟವೇ ಇಲ್ಲದ ಕಾರ್ಯಕ್ರಮವಾದರೆ ನಾನು ಹೋಗಿ ಅನ್ನಲ್ಲ.

ಭೇಟಿಯಾದೆ, ಮುಖ ಕೊಟ್ಟು ಮಾತಾಡಲಿಲ್ಲ. ತುಂಬ ಬೇಜಾರಾಗಿದೆ.

ಆಗುತ್ತೆ. ಜೆಟ್‌ಲ್ಯಾಗ್ ಇರಬಹುದು, ಕೈ ನೋವಿರಬಹುದು, ಅಥವಾ ಮನುಷ್ಯರೇ ಹಾಗಿರಬಹುದು. ಪುಸ್ತಕವನ್ನು ಒಂದಷ್ಟು ದಿನ ಕಪಾಟಿನಲ್ಲಿಡಿ. ಮತ್ತೆ ತೆಗೆದಾಗ ಇಷ್ಟವಾದರೆ ಓದಿ, ಆಗದಿದ್ದರೆ ಬಿಡಿ.

ನನ್ನ ಲೇಖಕರು ತೀರಿಹೋಗಿದ್ದಾರೆ. ಈಗೇನು?

ಅವರ ಕಾಗದಪತ್ರಗಳು ಎಲ್ಲೋ ಇರುತ್ತವೆ. ಟೋಲ್ಕಿನ್ ಅವರ ದೊಡ್ಡ ಕಾದಂಬರಿಯ ಹಸ್ತಪ್ರತಿಗಳು ಅಮೆರಿಕದ ಮಿಲ್ವಾಕಿಯ ಮಾರ್ಕೆಟ್ (Marquette) ವಿಶ್ವವಿದ್ಯಾಲಯದಲ್ಲಿವೆ, 1957ರಲ್ಲೇ ಅವರಿಂದ ಕೊಂಡದ್ದು. ಅಸಿಮೋವ್ ಅವರದು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ, ಅರ್ಸುಲಾ ಲೆ ಗ್ವಿನ್ ಅವರದು ಒರೆಗಾನ್ ವಿಶ್ವವಿದ್ಯಾಲಯದಲ್ಲಿ, ಬಟ್ಲರ್ ಅವರದು ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿ. ಕೆಲವನ್ನು ಸಂಶೋಧಕರಿಗೆ ಮಾತ್ರ ತೋರಿಸುತ್ತಾರೆ, ಮುಂಚೆ ಬರೆದು ಕೇಳಿ. ತೇಜಸ್ವಿ ಓದುಗರಿಗೆ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದಲ್ಲಿ ಪ್ರತಿಷ್ಠಾನ ಇದೆ, ಧರ್ಮಸ್ಥಳ ದಾರಿಯಲ್ಲೇ ಸಿಗುತ್ತದೆ.

ಪ್ರಾಚೆಟ್ ಅಭಿಮಾನಿಗಳು 2015ರಲ್ಲಿ ಅವರು ಹೋದಾಗ ಮಾಡಿದ್ದು ಬೇರೆಯೇ. ಅವರ ಒಂದು ಕಾದಂಬರಿಯಲ್ಲಿ ಸತ್ತವರ ಹೆಸರನ್ನು ಸಂದೇಶದ ಗೋಪುರಗಳ ನಡುವೆ ನಿಲ್ಲದ ಹಾಗೆ ಓಡಾಡಿಸುತ್ತಾರೆ. ಅದೇ ಥರ ಇವರ ಹೆಸರನ್ನು ವೆಬ್‌ಸೈಟುಗಳ ಕಣ್ಣಿಗೆ ಕಾಣದ ಕೋಡಿನಲ್ಲಿ ಸೇರಿಸಿದರು. ಸ್ವಂತ ವೆಬ್‌ಸೈಟ್ ಇದ್ದರೆ ನೀವೂ ಸೇರಿಸಬಹುದು, ಒಂದೇ ಸಾಲಿನ ಕೆಲಸ.

ಮಕ್ಕಳನ್ನು ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ. ವರ್ಲ್ಡ್‌ಕಾನಿನಲ್ಲಿ ಮಕ್ಕಳ ಸದಸ್ಯತ್ವಕ್ಕೆ ದರ ಕಮ್ಮಿ, ಅವರಿಗೆಂದೇ ಕಾರ್ಯಕ್ರಮಗಳೂ ಇರುತ್ತವೆ. ಅಂಗಡಿಯ ಸಹಿ ಸಾಲು ಮಾತ್ರ ಎರಡು ಗಂಟೆ ಹಿಡಿಯಬಹುದು. ನೀರಿನ ಬಾಟಲ್, ಬಿಸ್ಕತ್ತು, ಓದಲು ಇನ್ನೊಂದು ಪುಸ್ತಕ ಬ್ಯಾಗಿನಲ್ಲಿರಲಿ. ಸಾಲು ಸೇರುವ ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ.